ಆರೂವರೆ ನಿಮಿಷದ ಓಟ, ಆರು ತಿಂಗಳ ಕಾಲುನೋವು

ಪೊಲೀಸ್ ಕನಸು ಹೊತ್ತ ಹುಡುಗರ ಕಣಕಾಲಿನ ಕಥೆ

ದಾವಣಗೆರೆ, ಬೆಳಗಿನ ಐದೂಕಾಲು ಗಂಟೆ. ಮಂಡಿಪೇಟೆಯ ಷಟರ್‌ಗಳು ಇನ್ನೂ ಎದ್ದಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಮೊದಲನೇ ಹಾಲು ಉಕ್ಕುತ್ತಿದೆ. ಆ ಹೊತ್ತಿಗಾಗಲೇ ಕ್ರೀಡಾಂಗಣದಲ್ಲಿ ಮೂವತ್ತು ನಲವತ್ತು ಹುಡುಗರು ಎರಡು ಸುತ್ತು ಮುಗಿಸಿ ಮೂರನೆಯದಕ್ಕೆ ಬಿದ್ದಿರುತ್ತಾರೆ. ಇವರು ಆರೋಗ್ಯಕ್ಕಾಗಿ ಓಡುವ ಜನ ಅಲ್ಲ ಸ್ವಾಮಿ, ಅನ್ನಕ್ಕಾಗಿ ಓಡುವವರು. ಒಬ್ಬನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಇನ್ನೊಬ್ಬನ ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ಎಲ್ಲರ ತಲೆಯಲ್ಲೂ ಇರುವುದು ಒಂದೇ ಲೆಕ್ಕ: 1600 ಮೀಟರ್, ಆರೂವರೆ ನಿಮಿಷ.

ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡುಮಕ್ಕಳಿಗೆ ಕಳೆದ ಹಲವು ಸಲ ಇಟ್ಟಿದ್ದ ಓಟ ಇದು. ಹೆಣ್ಣುಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಗಂಡುಹುಡುಗ ಒಂದು ಸುತ್ತನ್ನು 97 ಸೆಕೆಂಡಿನಂತೆ ನಾಲ್ಕು ಸಲ ತೆಗೀಬೇಕು. ಒಂದೆರಡು ಸೆಕೆಂಡು ಹೆಚ್ಚಾಯಿತೋ, ಮನೆಗೆ ನಡಿ ಅಂತಾರೆ. ಮುಂದಿನ ಅಧಿಸೂಚನೆ ಬರುವಷ್ಟರಲ್ಲಿ ಎಷ್ಟೋ ಜನಕ್ಕೆ ವಯಸ್ಸೇ ಮೀರಿರುತ್ತದೆ.

ಕಳೆದ ತಿಂಗಳು ಅಲ್ಲೇ ಕಟ್ಟೆ ಮೇಲೆ ಒಬ್ಬ ಹುಡುಗ ಕಣಕಾಲು ಒತ್ತಿಕೊಳ್ಳುತ್ತ ಕೂತಿದ್ದ. ಏನಾಯ್ತಪ್ಪಾ ಅಂದೆ.

"ಏನಿಲ್ರಿ ಅಣ್ಣಾ, ಓಡೋಕೆ ಶುರು ಮಾಡಿದ್ರೆ ಚುಳ್ ಅಂತೈತಿ. ಮೈ ಬಿಸಿ ಆದ್ಮೇಲೆ ಹೋಗ್ತೈತಿ. ಗುಳಿಗೆ ತಗಂಡೀನಿ."

ನನ್ನ ಎದೆ ಧಸಕ್ ಅಂತು. ಯಾಕೆಂದರೆ ಇದೇ ಮಾತನ್ನು ಹನ್ನೆರಡು ವರ್ಷದ ಹಿಂದೆ ನಾನೂ ಆಡಿದ್ದೆ. ಪಿಯುಸಿ ಅರ್ಧಕ್ಕೆ ಬಿಟ್ಟವನು, ಎಸ್ಸೆಸ್ಸೆಲ್ಸಿ ಸಾಕಾಗುವ ಸಶಸ್ತ್ರ ಮೀಸಲು ಪಡೆಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಎರಡೇ ತಿಂಗಳು ಟೈಮು. ಮೊದಲನೇ ವಾರದಿಂದಲೇ ದಿನಾ ಎಂಟು ಹತ್ತು ಸುತ್ತು. ನಾಲ್ಕನೇ ವಾರಕ್ಕೆ ನೋವು ಬಂತು. ಓಡಿಸುತ್ತಿದ್ದವರು "ನೋವು ಬಂದ್ರೆ ಕಾಲು ಗಟ್ಟಿ ಆಗ್ತಿದೆ ಅಂತ ಅರ್ಥ" ಅಂದರು. ನಂಬಿದೆ. ದಿನಾ ಗುಳಿಗೆ ನುಂಗಿ ಓಡಿದೆ. ಪರೀಕ್ಷೆಯ ದಿನ ಮೂರನೇ ಸುತ್ತಿನಲ್ಲಿ ಕಾಲು ಊರಲಾಗದೆ ಕೂತುಬಿಟ್ಟೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಕೆಲಸ ಹೋಯಿತು, ಆರು ತಿಂಗಳು ಕುಂಟಿದ್ದು ಮಾತ್ರ ಉಳಿಯಿತು. ಆ ಹುಡುಗನಿಗೂ ಹಾಗಾಗದಿರಲಿ ಅಂತಲೇ ಈ ಬರಹ.

ನೋವು ಬರೋದು ಯಾಕೆ?

ಈ ಕಾಯಿಲೆ ಹೊಸದಲ್ಲ. 1855ರಲ್ಲೇ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾ ಸೈನ್ಯದ ವೈದ್ಯ, ಮೈಲಿಗಟ್ಟಲೆ ನಡೆದ ಸಿಪಾಯಿಗಳ ಪಾದ ಊದಿ ನೋಯುವುದನ್ನು ಬರೆದಿಟ್ಟ. ಆಗಿನ್ನೂ ಎಕ್ಸ್‌ರೇ ಇರಲಿಲ್ಲ. ಅದು ಮೂಳೆಯ ಬಿರುಕು ಅಂತ ಜಗತ್ತಿಗೆ ತಿಳಿದದ್ದು ಆಮೇಲೆ. ಅಂದಿನಿಂದ ಇಂದಿನವರೆಗೆ ಈ ನೋವು ಹೆಚ್ಚಾಗಿ ಹಿಡಿಯುವುದು ಹೊಸದಾಗಿ ತರಬೇತಿಗೆ ಬಿದ್ದವರನ್ನೇ.

ಕಾರಣ ಸರಳ. ಓಟ ಶುರು ಮಾಡಿದ ಮೂರು ನಾಲ್ಕು ವಾರಕ್ಕೆ ದಮ್ಮು ಸುಧಾರಿಸುತ್ತದೆ, ಇನ್ನೂ ಓಡೋಣ ಅನ್ನಿಸುತ್ತದೆ. ಮೂಳೆಯ ಲೆಕ್ಕ ಬೇರೆ. ಹೊಸ ಭಾರ ಬಿದ್ದಾಗ ಅದು ಹಳೇ ಗೋಡೆ ಕೆಡವಿ ಹೊಸದು ಕಟ್ಟುವ ಮೇಸ್ತ್ರಿಯ ಹಾಗೆ. ಮೊದಲು ಸವೆದ ಭಾಗ ಕಿತ್ತು ಹಾಕುತ್ತದೆ. ಅದಕ್ಕೇ ಮೂರು ನಾಲ್ಕು ವಾರ ಬೇಕು. ಹೊಸದು ಕಟ್ಟಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಂದರೆ ಹುಡುಗನಿಗೆ ಹುಮ್ಮಸ್ಸು ಏರುವ ಹೊತ್ತಿಗೇ ಮೂಳೆ ಅರ್ಧ ಕೆಡವಿದ ಗೋಡೆ. ಅದರ ಮೇಲೆ ಇನ್ನೊಂದು ಮಹಡಿ ಏರಿಸಿದರೆ ಏನಾಗುತ್ತೆ ಹೇಳಿ?

ಆದ್ದರಿಂದ ಮೊದಲನೇ ಮದ್ದು ಬೂಟಲ್ಲ, ಮುಲಾಮೂ ಅಲ್ಲ. ಮದ್ದು ಅಂದರೆ ಕ್ಯಾಲೆಂಡರು. ಅಧಿಸೂಚನೆ ಬಂದ ಮೇಲೆ ಓಡಲು ಶುರು ಮಾಡಬೇಡಿ, ಐದಾರು ತಿಂಗಳು ಮುಂಚೆಯೇ ಶುರು ಮಾಡಿ. ಒಂದು ದಿನ ಓಟ, ಒಂದು ದಿನ ಬಿಡುವು. ಮೊದಲು ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ. ದೂರವನ್ನೂ ವೇಗವನ್ನೂ ಒಂದೇ ವಾರ ಏರಿಸಬೇಡಿ. ಭಾನುವಾರ ಒಂದೇ ದಿನಕ್ಕೆ ವಾರದ ಓಟವೆಲ್ಲ ಮುಗಿಸುವ ಸಾಹಸವಂತೂ ಬೇಡವೇ ಬೇಡ.

ಅಂಗೈ ನೋವು, ಬೆರಳಿನ ನೋವು

ನೋವು ಎಲ್ಲಿ ಅಂತ ಕೇಳಿದಾಗ ಕಣಕಾಲಿನ ಒಳಮಗ್ಗುಲನ್ನು ಅಂಗೈಯಿಂದ ಉದ್ದಕ್ಕೆ ಸವರಿ "ಇಲ್ಲೆಲ್ಲಾ" ಅಂದರೆ, ಅದು ಹೆಚ್ಚಾಗಿ ಮೂಳೆಯ ಅಂಚಿಗೆ ಭಾರ ಹೆಚ್ಚಾಗಿ ಬಂದ ನೋವು. ಡಾಕ್ಟರುಗಳು ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರೆ. ಓಟ ಕಡಿಮೆ ಮಾಡಿ, ಕೆಲವು ವಾರ ಸೈಕಲ್ಲೋ ಈಜೋ ಹಿಡಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಅದೇ ಹುಡುಗ ಒಂದು ಬೆರಳು ಇಟ್ಟು "ಇಲ್ಲೇ, ಈ ಜಾಗ" ಅಂತ ತೋರಿಸಿದರೆ, ಮುಟ್ಟಿದರೆ ಹಾರಿಬಿದ್ದರೆ, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಅವತ್ತೇ ಓಟ ನಿಲ್ಲಬೇಕು. ಅದು ಬಿರುಕು ಇರಬಹುದು. ಜಿಲ್ಲಾಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ ತೋರಿಸಿ. ಇಲ್ಲೊಂದು ಎಚ್ಚರಿಕೆ: ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಹೋಗಬಹುದು. ನನಗೆ ಆದದ್ದೂ ಅದೇ. ಮೊದಲ ಎಕ್ಸ್‌ರೇ ನೋಡಿ "ಏನೂ ಇಲ್ಲ" ಅಂದಿದ್ದೇ ತಡ, ಖುಷಿಯಲ್ಲಿ ಮತ್ತೆ ಓಡಿದೆ. ಎಕ್ಸ್‌ರೇ ಚೆನ್ನಾಗಿದ್ದು ನೋವು ಹಾಗೇ ಇದ್ದರೆ ಡಾಕ್ಟರಿಗೆ ಮತ್ತೆ ಹೇಳಿ. ಎಂಆರ್‌ಐ ಬೇಕೋ ಬೇಡವೋ ಅವರು ನೋಡಿಕೊಳ್ಳುತ್ತಾರೆ.

ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು, ನಾಚಿಕೆ ಪಡುವಂಥದ್ದೇನಲ್ಲ. ಓಟ ಶುರು ಮಾಡಿದ ಮೇಲೆ ಮುಟ್ಟು ತಪ್ಪುತ್ತಿದ್ದರೆ, ಹುಡುಗಿ ತಿನ್ನುತ್ತಿರುವ ಅನ್ನ ಆಕೆಯ ಓಟಕ್ಕೆ ಸಾಲುತ್ತಿಲ್ಲ ಅಂತ ಇರಬಹುದು. ಅಂಥವರ ಮೂಳೆಗೆ ಬಿರುಕು ಬೇಗ ಬರುತ್ತದೆ. ಹೊಟ್ಟೆ ಕಟ್ಟಿ ಓಡಿಸಬೇಡಿ. ಮುದ್ದೆ, ರೊಟ್ಟಿ, ಕಾಳು, ಹಾಲು, ಮೊಟ್ಟೆ, ನಿಮ್ಮ ಮನೆಗೆ ಒಗ್ಗಿದ್ದು ಹೊಟ್ಟೆ ತುಂಬಾ ಇಡಿ. ಡಾಕ್ಟರಮ್ಮನಿಗೂ ಒಮ್ಮೆ ತೋರಿಸಿ.

ಬೂಟಿನ ಮಾತು

ಬೂಟಿಗೆ ಸಾಲ ಮಾಡುವವರು ಸ್ವಲ್ಪ ಕೇಳಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ. 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿ ಗೆದ್ದ. ಗೆದ್ದದ್ದು ಬೂಟೂ ಅಲ್ಲ, ಬರಿಗಾಲೂ ಅಲ್ಲ, ವರ್ಷಗಟ್ಟಲೆ ಪಳಗಿದ ಕಾಲು. ಹಾಗಂತ ನಾಳೆಯಿಂದಲೇ ನೀವು ಬರಿಗಾಲಲ್ಲಿ ಓಡಬೇಡಿ. ಬೂಟಿನಿಂದ ಬರಿಗಾಲಿಗೆ, ತೆಳು ಕ್ಯಾನ್ವಾಸಿನಿಂದ ದಪ್ಪ ಅಟ್ಟೆಗೆ, ಯಾವ ಬದಲಾವಣೆ ಆದರೂ ವಾರಗಟ್ಟಲೆ ನಿಧಾನವಾಗಿ ಆಗಬೇಕು.

ಯಾವ ಬೂಟು ಒಳ್ಳೇದು? ಕಾಲಿಗೆ ಹಿತವಾಗಿರುವುದು. ಇದು ಅಜ್ಜಿ ಮಾತಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು ಸೈನಿಕರ ಮುಂದೆ ಆರು ಥರದ ಒಳಅಟ್ಟೆ ಇಟ್ಟು, ಹಿತವಾದದ್ದನ್ನು ನೀವೇ ಆರಿಸಿಕೊಳ್ಳಿ ಅಂದರು. ಹಾಗೆ ಆರಿಸಿ ಹಾಕಿಕೊಂಡವರಲ್ಲಿ ಕಾಲಿನ ಪೆಟ್ಟು ಕಡಿಮೆ ಆಯಿತು ಅಂತ 2001ರಲ್ಲಿ ಪ್ರಕಟಿಸಿದರು. ಅಮೆರಿಕದ ಸೈನ್ಯದಲ್ಲಿ ಅಂಗಾಲಿನ ಆಕಾರ ನೋಡಿ ಬೂಟು ಹಂಚಿ ನೋಡಿದಾಗ ಪೆಟ್ಟು ಅಂಥಾ ಕಡಿಮೆಯೇನೂ ಆಗಲಿಲ್ಲ. ಚಪ್ಪಟೆ ಪಾದಕ್ಕೆ ಇದೇ ಬೇಕು, ಕಮಾನು ಪಾದಕ್ಕೆ ಅದೇ ಬೇಕು ಅಂತ ಬೆಲೆ ಏರಿಸುವವರ ಮಾತಿಗೆ ಅಷ್ಟೇನೂ ಮರುಳಾಗಬೇಕಿಲ್ಲ.

ಕೊಳ್ಳುವಾಗ ಇಷ್ಟು ನೋಡಿ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡಿ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಇರಲಿ. ಹಿಮ್ಮಡಿ ಜಾರಬಾರದು. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ. ಅಂಗಡಿ ಮಾಲೀಕರೇ, ದಯವಿಟ್ಟು ಬೈಯಬೇಡಿ! "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನುವ ಬೂಟು ಓಟಕ್ಕೆ ಬೇಡ. ಇನ್ನು ಐನೂರರಿಂದ ಎಂಟುನೂರು ಕಿಲೋಮೀಟರಿಗೆ ಅಟ್ಟೆಯ ಮೆತ್ತೆ ಸೋಲುತ್ತದೆ ಅನ್ನೋದು ವಾಡಿಕೆಯ ಲೆಕ್ಕ. ಮೇಲೆ ಹೊಳೆಯುತ್ತಿದ್ದರೂ ಅಡಿ ಒಂದು ಮಗ್ಗುಲಿಗೆ ಸವೆದಿದ್ದರೆ ಅದನ್ನು ಪೇಟೆ ತಿರುಗಾಟಕ್ಕೆ ಇಟ್ಟುಕೊಳ್ಳಿ.

ದಾಪುಗಾಲಿನ ಮೋಸ

ನಮ್ಮ ಹುಡುಗರ ದೊಡ್ಡ ತಪ್ಪು ಇದು. ವೇಗ ಬೇಕು ಅಂದ ಕೂಡಲೇ ಕಾಲನ್ನು ಮುಂದಕ್ಕೆ ಚಾಚುತ್ತಾರೆ. ದೇಹಕ್ಕಿಂತ ಬಹಳ ಮುಂದೆ ಹಿಮ್ಮಡಿ ಬಿದ್ದಾಗ ಅದು ಓಟವಲ್ಲ, ಪ್ರತಿ ಹೆಜ್ಜೆಗೂ ಬ್ರೇಕು. ಆ ಏಟನ್ನು ತಿನ್ನೋದು ಕಣಕಾಲು ಮತ್ತು ಮಂಡಿ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಾಕ್ ಡೇನಿಯಲ್ಸ್ ಎಂಬ ಅಮೆರಿಕದ ತರಬೇತುದಾರ ದೂರ ಓಟಗಾರರ ಹೆಜ್ಜೆ ಎಣಿಸಿದ. ಹೆಚ್ಚಿನವರು ನಿಮಿಷಕ್ಕೆ 180ಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಆ ಲೆಕ್ಕ ಎಲ್ಲರಿಗೂ ಕಟ್ಟಳೆಯಲ್ಲ. ನಿಮ್ಮ ಈಗಿನ ಹೆಜ್ಜೆಗಿಂತ ನೂರಕ್ಕೆ ಐದರಿಂದ ಹತ್ತು ಹೆಚ್ಚು ಮಾಡಿದರೂ ಮಂಡಿ, ಸೊಂಟದ ಕೀಲಿನ ಮೇಲಿನ ಭಾರ ಇಳಿಯುತ್ತದೆ ಅಂತ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2011ರಲ್ಲಿ ತೋರಿಸಿದ್ದಾರೆ.

ಮಾಡೋದು ಹೀಗೆ: ಮೂವತ್ತು ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲಕ್ಕೆ ಬಿತ್ತು ಎಣಿಸಿ. ನಾಲ್ಕರಿಂದ ಗುಣಿಸಿ. 160 ಬಂದರೆ ಮೊದಲು 168ಕ್ಕೆ ತನ್ನಿ. ವೇಗ ಅಷ್ಟೇ ಇರಲಿ, ಹೆಜ್ಜೆ ಮಾತ್ರ ಚಿಕ್ಕದಾಗಲಿ, ಚುರುಕಾಗಲಿ. ಪಾದ ಮಂಡಿಯ ಕೆಳಗೇ ಬೀಳಲಿ. ಧಪ್ ಧಪ್ ಸದ್ದು ಕಡಿಮೆ ಆದರೆ ದಾರಿ ಸರಿ ಇದೆ ಅಂತ ಲೆಕ್ಕ.

ಪೆಟ್ಟಾದರೆ

ಕಾಲು ಉಳುಕಿದ ತಕ್ಷಣ ಎಳೆಸುವುದು, ತಿಕ್ಕಿಸುವುದು, ಬಿಸಿ ಶಾಖ ಕೊಡುವುದು ನಮ್ಮಲ್ಲಿ ರೂಢಿ. ಮೊದಲ ಎರಡು ಮೂರು ದಿನ ಇವು ಮೂರೂ ಬೇಡ. ಕ್ರೇಪ್ ಬ್ಯಾಂಡೇಜ್ ಹದವಾಗಿ ಸುತ್ತಿ, ಕಾಲು ದಿಂಬಿನ ಮೇಲಿಡಿ. ನೋವು ಜಾಸ್ತಿ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ ಸಾಕು. ಐಸು, ಪೂರ್ತಿ ವಿಶ್ರಾಂತಿ ಅಂತ 1978ರಲ್ಲಿ ಸೂತ್ರ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ತಾವೇ 2014ರಲ್ಲಿ, ಇವೆರಡೂ ಅತಿಯಾದರೆ ವಾಸಿಯಾಗೋದು ತಡವಾಗಬಹುದು ಅಂತ ಮಾತು ಬದಲಿಸಿದರು. ತಪ್ಪು ಒಪ್ಪಿಕೊಳ್ಳುವ ದೊಡ್ಡವರೂ ಇದ್ದಾರೆ ನೋಡಿ! ನಾಲ್ಕು ಹೆಜ್ಜೆಯೂ ಭಾರ ಹಾಕಲಾಗದಿದ್ದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ. ಇಲ್ಲದಿದ್ದರೆ ನೋವು ಸಹಿಸುವಷ್ಟರಲ್ಲಿ ನಿಧಾನಕ್ಕೆ ಕಾಲಾಡಿಸಿ.

ಮತ್ತೆ ಓಟಕ್ಕೆ ಇಳಿಯುವ ಮುಂಚೆ ಅರ್ಧ ಗಂಟೆ ನೋವಿಲ್ಲದೆ ನಡೆಯಲು ಬರಬೇಕು. ನೋವಿಗೆ ಹತ್ತಕ್ಕೆ ಅಂಕ ಕೊಡಿ. ಸ್ನಾಯು ನೋವಾದರೆ ಮೂರರೊಳಗೆ ಇದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಪರವಾಗಿಲ್ಲ. ಬೆರಳಿಟ್ಟು ತೋರಿಸುವ ಮೂಳೆ ನೋವಿಗೆ ಈ ರಿಯಾಯಿತಿ ಇಲ್ಲ. ಗುಳಿಗೆ ನುಂಗಿ ಓಡೋದು ಅಂದರೆ ಬೆಂಕಿ ಬಿದ್ದಾಗ ಗಂಟೆ ಬಾರಿಸುವವನ ಬಾಯಿ ಮುಚ್ಚಿದ ಹಾಗೆ. ಬೆವರು ಸುರಿದು ನೀರು ಕಡಿಮೆ ಆದ ಮೈಗೆ ಆ ಗುಳಿಗೆ ಮೂತ್ರಪಿಂಡಕ್ಕೂ ಕೇಡು.

ಗಲ್ಲದ ಮೇಲೆ ಕೂತವರಿಗೂ

ಓಡದವರು ಪುಟ ತಿರುವಬೇಡಿ. ದಿನವೆಲ್ಲಾ ಅಂಗಡಿಯಲ್ಲಿ ನಿಲ್ಲುವವರಿಗೆ, ಬಸ್ಸಲ್ಲಿ ನಿಂತೇ ಊರು ಮುಟ್ಟುವವರಿಗೆ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಾಗುತ್ತದಲ್ಲ, ಓಟಗಾರರಿಗೂ ಅದು ಬರುತ್ತದೆ. ಮೆಟ್ಟಿಲ ಅಂಚಿನ ಮೇಲೆ ಮುಂಗಾಲು ಊರಿ, ಗೋಡೆ ಹಿಡಿದು, ನಿಧಾನಕ್ಕೆ ಹಿಮ್ಮಡಿ ಎತ್ತಿ ಇಳಿಸಿ. ಆದಷ್ಟರಿಂದ ಶುರು ಮಾಡಿ, ದಿನ ಬಿಟ್ಟು ದಿನ, ಮೂರು ತಿಂಗಳು. ಮೀನಖಂಡ ಗಟ್ಟಿಯಾದರೆ ಅಂಗಾಲಿಗೂ ಆಸರೆ. ಹಿಮ್ಮಡಿ ಹಿಂದಿನ ಹುರಿ ನೋಯುವ ಓಟಗಾರರಿಗೆ ಸ್ವೀಡನ್ನಿನ ಡಾಕ್ಟರ್ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಹನ್ನೆರಡು ವಾರ ಮಾಡಿಸಿದ್ದೂ ಇದೇ ಜಾತಿಯ ಕಸರತ್ತು. ಖರ್ಚು ಒಂದು ರೂಪಾಯಿಯೂ ಇಲ್ಲ.

ಕೊನೆಗೊಂದು ಕೋರಿಕೆ. ಮುಂಜಾನೆ ಇಷ್ಟು ಮಕ್ಕಳು ಓಡುವ ಮೈದಾನಕ್ಕೆ ವಾರಕ್ಕೊಂದು ದಿನ ಒಬ್ಬ ಫಿಜಿಯೋಥೆರಪಿಸ್ಟ್ ಬಂದು ಕೂತರೆ ಎಷ್ಟೋ ಕಾಲು ಉಳಿಯುತ್ತವೆ. ಊರಿನ ವರ್ತಕರು ಮನಸ್ಸು ಮಾಡಿದರೆ ಇದೇನು ದೊಡ್ಡದಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ಆ ಹುಡುಗ ಓಡುತ್ತಿರಲಿಲ್ಲ, ಹಳೇ ಸೈಕಲ್ ತುಳಿಯುತ್ತಿದ್ದ. ಡಾಕ್ಟರು ಆರು ವಾರ ಓಟ ಬೇಡ ಅಂದಿದ್ದಾರಂತೆ. "ಅಪ್ಪ ಮೈಗಳ್ಳ ಅಂತ ಬೈತಾನ್ರಿ ಅಣ್ಣಾ" ಅಂದ. ಆ ಅಪ್ಪ ಹಮಾಲಿ ಮುಗಿಸಿ ಸಂಜೆ ಬಸ್ಸಲ್ಲಿ ಈ ಪತ್ರಿಕೆ ಓದುವವರೇ. ಅವರಿಗೆ ಹೇಳುತ್ತಿದ್ದೇನೆ: ಯಜಮಾನ್ರೇ, ನಿಮ್ಮ ಮಗ ಮೈಗಳ್ಳನಲ್ಲ. ಆರು ವಾರ ಕಾಯುವ ಬುದ್ಧಿ ಅವನಿಗೆ ಬಂದಿದೆ. ಹನ್ನೆರಡು ವರ್ಷದ ಹಿಂದೆ ನನಗೆ ಅದು ಇರಲಿಲ್ಲ.