ಮೂರು ದಿನಕ್ಕೆ ಮೊಡವೆ ಮಾಯವಾದರೆ ಎಚ್ಚರ!



ಕಂಪ್ಲಿ ಕಡೆಯ ಒಂದು ಊರಿನಲ್ಲಿ ಸಂಘದ ಸಭೆ ಮುಗಿಸಿ ಹೊರಟಿದ್ದೆ. ಸದಸ್ಯೆಯೊಬ್ಬರು ಹಿಂದಿನಿಂದ ಬಂದು ಕೈ ಹಿಡಿದರು. "ಸಿಸ್ಟರ್, ಮನಿಗೆ ಬಂದು ನನ್ನ ಮಗಳ ಮುಖ ಒಂದೀಟು ನೋಡ್ರಿ" ಅಂದರು. ಹೋದೆ. ಹತ್ತೊಂಬತ್ತು ವರ್ಷದ ಹುಡುಗಿ, ಮನೆಯೊಳಗೇ ವೇಲಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು. ವೇಲು ಸರಿಸಿದರೆ ಎರಡೂ ಕೆನ್ನೆ ಕೆಂಡದಂತೆ ಕೆಂಪಾಗಿದ್ದವು. ಅದರ ಮೇಲೆ ತುಂಬಾ ಸಣ್ಣ ಸಣ್ಣ ಗುಳ್ಳೆ, ಕೆನ್ನೆಯ ಅಂಚಿಗೆ ನವಿರಾದ ಕೂದಲು.

ತಾಯಿ ಹೇಳಿದ್ದು ಇಷ್ಟು: "ಮೊದಲು ನಾಕೇ ನಾಕು ಮೊಡವಿ ಇದ್ವು ಸಿಸ್ಟರ್. ಮೆಡಿಕಲ್ ಶಾಪಿನ್ಯಾಗ ಕೇಳಿದ್ರ ಒಂದು ಟ್ಯೂಬು ಕೊಟ್ರು. ಮೂರು ದಿನಕ್ಕ ಮುಖ ಗಾಜಿನಂಗ ಆತು. ಹಚ್ಚಿದ್ರ ಹೋಗ್ತಾವ, ಬಿಟ್ರ ಇನ್ನೂ ಜಾಸ್ತಿ ಏಳ್ತಾವ. ಹಿಂಗ ಎಂಟು ತಿಂಗಳು ಹಚ್ಯಾಳ್ರಿ. ಈಗ ಕನ್ಯಾ ನೋಡಾಕ ಬರ್ತೀವಿ ಅಂದವರಿಗೆ ಸದ್ಯ ಬ್ಯಾಡ ಅಂತ ಹೇಳೀವಿ."

ಆ ಟ್ಯೂಬು ತರಿಸಿ ಓದಿದೆ. ಅದು ಮೊಡವೆಯ ಔಷಧಿಯೇ ಅಲ್ಲ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹೊಸಪೇಟೆ, ಸಂಡೂರು, ಹಂಪಿ ಕಡೆಯ ಸಂಘಗಳಲ್ಲೂ ಇದೇ ಕಥೆ ಕೇಳಿದ್ದೇನೆ. ಆದ್ದರಿಂದ ಈ ವಿಷಯ ನಾವೆಲ್ಲ ತಿಳಿದುಕೊಳ್ಳಲೇಬೇಕು.

ಮೊಡವೆ ಯಾಕೆ ಬರುತ್ತವೆ?

ನಮ್ಮ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳಿವೆ. ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ಹಾರ್ಮೋನುಗಳ ಕಾರಣದಿಂದ ಈ ಎಣ್ಣೆ ಹೆಚ್ಚುತ್ತದೆ. ಸತ್ತ ಚರ್ಮದ ಕಣಗಳು ಎಣ್ಣೆಯ ಜೊತೆ ಸೇರಿ ರಂಧ್ರದ ಬಾಯಿ ಮುಚ್ಚುತ್ತವೆ. ಒಳಗೆ ರೋಗಾಣುಗಳು ಬೆಳೆದು ಬಾವು ಬರುತ್ತದೆ. ಇದೇ ಮೊಡವೆ. "ರಕ್ತ ಕೆಟ್ಟೈತಿ", "ಮುಖ ತೊಳೆಯಂಗಿಲ್ಲ", "ಮದುವಿ ಆದ್ರ ಹೋಗ್ತಾವ" ಎಂದು ಹುಡುಗಿಯರನ್ನು ಹಂಗಿಸುವುದು ತಪ್ಪು. ಮೊಡವೆ ಗಂಡುಮಕ್ಕಳಿಗೂ ಬರುತ್ತವೆ, ಮಕ್ಕಳಾದ ಹೆಂಗಸರಿಗೂ ಬರುತ್ತವೆ.

ನಮ್ಮ ಕಡೆಯ ಬಿಸಿಲು, ಬೆವರು, ತಲೆಯಿಂದ ಹಣೆಗೆ ಇಳಿಯುವ ಎಣ್ಣೆ ಇದನ್ನು ಹೆಚ್ಚಿಸಬಹುದು. ಸಂಡೂರಿನ ಕೆಂಪು ಅದಿರಿನ ಧೂಳಿನಲ್ಲಿ ದುಡಿದು ಬಂದವರು ಮುಖ ತೊಳೆಯಬೇಕು ನಿಜ. ಆದರೆ ಧೂಳು ಹೋಗಲೆಂದು ಗಸಗಸ ಉಜ್ಜಿದರೆ ಮೊಡವೆ ಹೋಗುವುದಿಲ್ಲ, ಚರ್ಮ ಕೆರಳುತ್ತದೆ.

ಮೂರು ದಿನದ ಮಾಯೆ

ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಇಸಬಿನಂಥ ಕೆಲವು ಚರ್ಮರೋಗಗಳಿಗೆ ಡಾಕ್ಟರು ಅಳತೆ ಹೇಳಿ, ದಿನ ಹೇಳಿ ಕೊಡುತ್ತಾರೆ. ಮುಖದ ಬಂಗಿಗೂ ಸ್ಟೀರಾಯ್ಡ್ ಇರುವ ಮಿಶ್ರಣದ ಮುಲಾಮನ್ನು ಕೆಲವು ವಾರ ಮಾತ್ರ ಕೊಡುವುದುಂಟು. ಆ ಹುಡುಗಿ ಎಂಟು ತಿಂಗಳು ಹಚ್ಚಿದ್ದು ಇಂಥದ್ದನ್ನೇ.

ಸ್ಟೀರಾಯ್ಡ್ ಬಾವನ್ನೂ ಕೆಂಪನ್ನೂ ಬೇಗ ಅಡಗಿಸುತ್ತದೆ. ರಕ್ತನಾಳಗಳು ಕುಗ್ಗುವುದರಿಂದ ಮುಖ ಬೆಳ್ಳಗೆ ಕಾಣುತ್ತದೆ. ನಾವು ಔಷಧಿ ನಾಟಿತು ಎಂದು ಖುಷಿಪಡುತ್ತೇವೆ. ಆದರೆ ಮುಚ್ಚಿದ ರಂಧ್ರ ಹಾಗೇ ಇದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಎಳೆ ಎಳೆಯಾಗಿ ರಕ್ತನಾಳ ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿ ಕಿತ್ತು ಬರುತ್ತದೆ, ಕೂದಲು ಬೆಳೆಯುತ್ತದೆ, ಹೊಸ ಮೊಡವೆ ಏಳುತ್ತವೆ. ಬಿಟ್ಟ ಕೂಡಲೇ ಎಲ್ಲವೂ ಒಮ್ಮೆಲೇ ಕೆರಳುತ್ತದೆ. ಹೆದರಿ ಮತ್ತೆ ಹಚ್ಚುತ್ತೇವೆ. ಬಡ್ಡಿ ಕಟ್ಟಲು ಮತ್ತೊಂದು ಸಾಲ ಮಾಡಿದ ಹಾಗೆ. ಆ ಸುಳಿ ನಮ್ಮ ಸಂಘದವರಿಗೆ ಹೇಳಿಕೊಡಬೇಕಿಲ್ಲ.

ಇದು ಒಬ್ಬ ಹುಡುಗಿಯ ಕಥೆಯಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಕೇಂದ್ರಗಳ ಚರ್ಮ ವೈದ್ಯರು ಮುಖದ ತೊಂದರೆಯಿಂದ ಬಂದ 2,926 ಮಂದಿಯನ್ನು ನೋಡಿದರು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. 104 ಮಂದಿ ಮೊಡವೆಗೆಂದೇ ಹಚ್ಚುತ್ತಿದ್ದರು. 257 ಮಂದಿಗೆ ಅದನ್ನು ಹೇಳಿದವರು ಡಾಕ್ಟರೇ ಅಲ್ಲ. ಹಚ್ಚಿದ 433 ಮಂದಿಯಲ್ಲಿ 392 ಮಂದಿಗೆ ಅಡ್ಡ ಪರಿಣಾಮ ಆಗಿತ್ತು. ಎಲ್ಲಕ್ಕಿಂತ ಹೆಚ್ಚು ಕಂಡ ಪರಿಣಾಮ ಯಾವುದು ಗೊತ್ತೇ? ಮೊಡವೆಯೇ!

2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ತಂದಿತು. ನಿಯಮ ಇದೆ, ಆದರೂ "ಮೊಡವಿಗೆ ಏನಾರ ಕೊಡ್ರಿ" ಎಂದು ಕೇಳಿದರೆ ಟ್ಯೂಬು ಕೈಗೆ ಬರುವುದು ನಿಂತಿಲ್ಲ. ಆದ್ದರಿಂದ ನಾವೇ ನೋಡಿ ತಗೊಳ್ಳಬೇಕು.

ಟ್ಯೂಬನ್ನು ಓದುವುದು ಹೇಗೆ?

ಅಕ್ಷರ ಇಂಗ್ಲಿಷಿನಲ್ಲಿ ಸಣ್ಣಗಿರುತ್ತದೆ. ಶಾಲೆಗೆ ಹೋಗುವ ಮಗನೋ ಮಗಳೋ ಓದಿ ಹೇಳಲಿ.

1. ಒಳಗಿರುವ ಔಷಧಿಯ ಹೆಸರು ನೋಡಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ — ಇವೆಲ್ಲ ಸ್ಟೀರಾಯ್ಡ್. ಇವುಗಳಲ್ಲಿ ಯಾವುದೇ ಇದ್ದರೂ ಮೊಡವೆಗೆ ಹಚ್ಚಬೇಡಿ.

2. ಆರ್‌ಎಕ್ಸ್ ಎಂಬ ಗುರುತು ಅಥವಾ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿಯ ಮೇಲೆ ಕೊಡುವ ಔಷಧಿ.

3. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ತಾರೀಖು, ಒಳಗೇನಿದೆ ಎಂಬ ಪಟ್ಟಿ ಇಲ್ಲದ ಡಬ್ಬಿಯನ್ನು ಮುಟ್ಟಲೇಬೇಡಿ.

ಮೂರನೆಯ ಮಾತನ್ನು ನಮ್ಮವರೇ ಮರೆಯುತ್ತೇವೆ. ಸಂಘದಿಂದ ಸಾಲ ಪಡೆದು ಬಳೆ, ಸೀರೆ, ಕ್ರೀಮು ಮಾರುವ ಸಹೋದರಿಯರಿದ್ದಾರೆ. ಲೇಬಲ್ ಇಲ್ಲದ "ಬಿಳಿ ಮಾಡೋ ಕ್ರೀಮು" ಮಾರಿದರೆ ಲಾಭ ನಾಲ್ಕು ದಿನ, ಕೆಟ್ಟ ಹೆಸರು ಕಾಯಂ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಕಿಡ್ನಿ ರೋಗದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 13 ಮಂದಿ ಬಿಳಿ ಮಾಡುವ ಕ್ರೀಮು ಹಚ್ಚುತ್ತಿದ್ದರು. ಅಂಥ ಕ್ರೀಮುಗಳಲ್ಲಿ ಪಾದರಸ ಇತ್ತು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಮುಟ್ಟಿತು.

ಹಾಗಾದರೆ ಏನು ಹಚ್ಚಬಹುದು?

ನಾನು ಡಾಕ್ಟರಲ್ಲ. ಆದರೆ ಸಾಧಾರಣ ಮೊಡವೆಗೆ ಚರ್ಮ ವೈದ್ಯರು ಎಲ್ಲ ಕಡೆ ಹೇಳುವ ಮಾತುಗಳು ಇವು.

* ದಿನಕ್ಕೆ ಎರಡು ಸಲ, ಬೆವರಿದಾಗ ಇನ್ನೊಂದು ಸಲ, ಮೃದುವಾದ ಸೋಪು ಅಥವಾ ಫೇಸ್‌ವಾಶ್‌ನಿಂದ ತೊಳೆಯಿರಿ. ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ರಂಧ್ರ ತೆರೆಯಲು ಸ್ವಲ್ಪ ಸಹಾಯ ಮಾಡುತ್ತದೆ.

* ಬೆನ್ಝಾಯಿಲ್ ಪೆರಾಕ್ಸೈಡ್ ಮೊಡವೆಯ ನಿಜವಾದ ಔಷಧಿ. 2.5 ಶೇಕಡದ್ದು ಕೇಳಿ. ಹೆಚ್ಚು ಶೇಕಡ ಇದ್ದರೆ ಹೆಚ್ಚು ಗುಣ ಎಂದೇನಿಲ್ಲ, ಉರಿ ಮಾತ್ರ ಹೆಚ್ಚು. ಮೊದಲು ದಿನ ಬಿಟ್ಟು ದಿನ, ರಾತ್ರಿ, ತೆಳ್ಳಗೆ ಹಚ್ಚಿ. ಸ್ವಲ್ಪ ಒಣಗುವುದು ಸಹಜ. ಮುಖ ಬಾತರೆ ನಿಲ್ಲಿಸಿ. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಒಳ್ಳೆಯ ಸೀರೆಯ ಸೆರಗು ಜೋಪಾನ!

* ಮೊಡವೆ ಹಿಚುಕಬೇಡಿ. ಟೂತ್‌ಪೇಸ್ಟು, ಅಡಿಗೆ ಸೋಡಾ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಮುಖಕ್ಕೆ ಕೊಬ್ಬರಿ ಎಣ್ಣೆಯೂ ಬೇಡ. ಕಡಲೆಹಿಟ್ಟು, ಅರಿಶಿನ ಹಚ್ಚುವುದರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ, ಆದರೆ ಅದರಿಂದಲೇ ಮೊಡವೆ ವಾಸಿಯಾಗುವುದಿಲ್ಲ.

ಮುಖ್ಯ ಮಾತು ತಾಳ್ಮೆ. ನಿಜವಾದ ಔಷಧಿಯ ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಕಂಪ್ಲಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಮೂರೇ ದಿನಕ್ಕೆ ಯಾರಾದರೂ ತೆನೆ ತೋರಿಸಿದರೆ ನಾವು ನಂಬುತ್ತೇವೆಯೇ?

ಡಾಕ್ಟರ ಹತ್ತಿರ ಹೋಗಲೇಬೇಕಾದವರು

* ಗಟ್ಟಿ ಗಂಟಿನಂಥ ನೋಯುವ ಮೊಡವೆ ಇರುವವರು, ಗುಳಿ ಬೀಳುತ್ತಿರುವವರು.
* ಮುಟ್ಟು ಸರಿಯಾಗಿ ಆಗದೆ, ಗದ್ದದಲ್ಲಿ ಕೂದಲು ಬೆಳೆಯುತ್ತಿರುವವರು.
* ಎರಡು ಮೂರು ತಿಂಗಳು ಸರಿಯಾಗಿ ಹಚ್ಚಿದರೂ ಕಡಿಮೆಯಾಗದವರು.
* ಬಸುರಿ, ಬಾಣಂತಿಯರು. ಇವರು ಏನನ್ನೇ ಹಚ್ಚುವ ಮೊದಲು ಕೇಳಲಿ. ಐಸೊಟ್ರೆಟಿನಾಯಿನ್ ಎಂಬ ಮೊಡವೆ ಮಾತ್ರೆಯನ್ನು ಬಸುರಿನಲ್ಲಿ ನುಂಗಿದರೆ ಮಗು ಅಂಗವಿಕಲವಾಗಿ ಹುಟ್ಟಬಹುದು. ಬೇರೆಯವರ ಚೀಟಿಯ ಮಾತ್ರೆ ತಗೊಳ್ಳಲೇಬೇಡಿ.
* ಈಗಾಗಲೇ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರು. ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಹೇಗೆ ಬಿಡಬೇಕು ಎಂದು ಅವರು ಹೇಳುತ್ತಾರೆ.
* ಮೊಡವೆಯ ಚಿಂತೆಯಿಂದ ಕಾಲೇಜು ಬಿಟ್ಟ, ಊಟ ಬಿಟ್ಟ, ಮಾತು ಬಿಟ್ಟ ಮಕ್ಕಳು. ಇದನ್ನು ಸಣ್ಣ ವಿಷಯ ಎನ್ನಬೇಡಿ.

ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ದಾರಿ ತಿಳಿಯದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ನಾವೆಲ್ಲ ವಿಮ್ಸ್ ಎಂದು ಕರೆಯುತ್ತಾ ಬಂದ ಬಳ್ಳಾರಿಯ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ.

ಮುಂದಿನ ಸಭೆಗೆ ಒಂದು ಕೆಲಸ

ಮುಂದಿನ ವಾರದ ಸಭೆಗೆ ಪಾಸ್‌ಬುಕ್ಕಿನ ಜೊತೆಗೆ ನಿಮ್ಮ ಮನೆಯಲ್ಲಿ ಮುಖಕ್ಕೆ ಹಚ್ಚುವ ಎಲ್ಲ ಟ್ಯೂಬು, ಡಬ್ಬಿ ತನ್ನಿ. ಓದು ಬಲ್ಲವರು ಗಟ್ಟಿಯಾಗಿ ಓದಲಿ. ಮೇಲಿನ ಹೆಸರುಗಳೊಂದಿಗೆ ತಾಳೆ ನೋಡಿ. ಸ್ಟೀರಾಯ್ಡ್ ಸಿಕ್ಕವರನ್ನು ಬೈಯಬೇಡಿ. ಅವರ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಿ ಬನ್ನಿ.

ಆ ಹುಡುಗಿಯನ್ನು ತಾಯಿ ಬಳ್ಳಾರಿಗೆ ಕರೆದುಕೊಂಡು ಹೋದರು. ಟ್ಯೂಬು ಬಿಟ್ಟ ಮೊದಲ ತಿಂಗಳು ಮುಖ ಇನ್ನೂ ಕೆರಳಿತು, ಅತ್ತಳು, ಆದರೂ ಮತ್ತೆ ಹಚ್ಚಲಿಲ್ಲ. ಅರ್ಧ ವರ್ಷ ಹಿಡಿಯಿತು. ಬಿಸಿಲಿಗೆ ಕೆನ್ನೆ ಈಗಲೂ ಸ್ವಲ್ಪ ಕೆಂಪಾಗುತ್ತದೆ. ಹೋದ ತಿಂಗಳು ಅವರ ಸಂಘದ ಸಭೆಗೆ ಹೋದಾಗ ಲೆಕ್ಕದ ಪುಸ್ತಕ ಬರೆಯಲು ಅವಳೇ ಕುಳಿತಿದ್ದಳು. ಮುಖದ ಮೇಲೆ ವೇಲು ಇರಲಿಲ್ಲ.