ತಾಳೆಯಾಗದ ಲೆಕ್ಕ

ಕಳೆದ ತಿಂಗಳು ಎಂಜಿನಿಯರಿಂಗ್ ಓದುವ ನನ್ನ ಮೊಮ್ಮಗಳು ಕಂಪ್ಯೂಟರ್ ಮುಂದೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಳು. "ತಾತ, ಲೆಕ್ಕ ತಾಳೆಯಾಗ್ತಿಲ್ಲ" ಎಂದಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಆ ಮಾತು ಕೇಳಿದರೆ ಇಂದಿಗೂ ಕಿವಿ ನೆಟ್ಟಗಾಗುತ್ತದೆ.

ಅವಳ ಪ್ರಾಜೆಕ್ಟ್, ಕಾರ್ಬನ್ ನ್ಯಾನೊಟ್ಯೂಬ್ ಬೆರೆಸಿದ ಎಪಾಕ್ಸಿ ಅಂಟು. ಪೆನ್ಸಿಲ್ ಕಡ್ಡಿಯ ಗ್ರಾಫೈಟಿನ ಒಂದೇ ಒಂದು ಪದರವನ್ನು ಚಾಪೆಯಂತೆ ಸುತ್ತಿದರೆ ಹೇಗೋ ಹಾಗಿರುತ್ತದೆ ಈ ಕೊಳವೆ. 1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ಬರೆದ ಲೇಖನದಿಂದ ಇದು ಜಗತ್ತಿನ ಗಮನ ಸೆಳೆಯಿತು. ನಮ್ಮ ಕೂದಲು ಇದಕ್ಕಿಂತ ಹತ್ತಾರು ಸಾವಿರ ಪಟ್ಟು ದಪ್ಪ. ಆದರೂ ಎಳೆದರೆ ಸುಲಭವಾಗಿ ಹಿಗ್ಗದ ಬಿಗಿತದಲ್ಲಿ ಇದು ಉಕ್ಕಿನ ಸುಮಾರು ಐದು ಪಟ್ಟು! ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದೆವಲ್ಲ, ಅದೇ ಉಪಾಯ.

ಎಪಾಕ್ಸಿಯ ಬಿಗಿತ ಸುಮಾರು 3 ಗಿಗಾಪಾಸ್ಕಲ್, ಕೊಳವೆಯದು ಸುಮಾರು 1000. ನೂರರಲ್ಲಿ ಒಂದು ಪಾಲು ಕೊಳವೆ ಸೇರಿಸಿದರೆ ಅದರಿಂದ 10, ಉಳಿದ 99 ಪಾಲು ಅಂಟಿನಿಂದ ಸುಮಾರು 3, ಒಟ್ಟು 13. ಬಿ.ಕಾಂ. ಓದಿದ ನನಗೂ ತಿಳಿಯುವ ಲೆಕ್ಕ.

ಅವಳು ಕಂಪ್ಯೂಟರಿನಲ್ಲಿ ಅಂಟಿನ ಪುಟ್ಟ ಘನವೊಂದನ್ನು ರಚಿಸಿ, ಕೊಳವೆಗಳನ್ನು ಹುದುಗಿಸಿ, ಸಾವಿರಾರು ತುಣುಕುಗಳಾಗಿ ವಿಂಗಡಿಸಿದ್ದಳು. ಘನವನ್ನು ಎಳೆದರೆ ಪ್ರತಿ ತುಣುಕು ಎಷ್ಟು ಹಿಗ್ಗುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇದೇ ಸಿಮ್ಯುಲೇಶನ್. ಉತ್ತರ 5ನ್ನೂ ಮುಟ್ಟಲಿಲ್ಲ.

"ಒಂದು ಅಂಕಿ ತಿದ್ದಿಬಿಟ್ಟರೆ 13 ಬರುತ್ತೆ ತಾತ. ನಾಳೆಯೇ ಕೊಡಬೇಕು."

"ಬೇಡ ಮಗಳೇ" ಎಂದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ನನ್ನ ಲೆಕ್ಕದಲ್ಲಿ 9 ರೂಪಾಯಿ ವ್ಯತ್ಯಾಸ ಬಂತು. ಜೇಬಿನಿಂದ ತುಂಬಲು ಹೊರಟೆ. ಹಿರಿಯ ಗುಮಾಸ್ತರು ತಡೆದು, "ಒಂಬತ್ತೇ? ಅಂಕಿ ಅದಲುಬದಲಾಗಿರಬೇಕು, ಹುಡುಕು" ಎಂದರು. ನಿಜ, 54 ಬರೆಯುವಲ್ಲಿ 45 ಬರೆದಿದ್ದೆ! ತಪ್ಪು ಎಲ್ಲಿದೆಯೆಂದು ವ್ಯತ್ಯಾಸವೇ ಹೇಳಿತ್ತು.

ಇಬ್ಬರೂ ಕೂತು ನೋಡಿದೆವು. 13 ಬರುವುದು ಕೊಳವೆಗಳೆಲ್ಲ ನೇರವಾಗಿ, ಎಳೆಯುವ ದಿಕ್ಕಿಗೇ, ಈ ಬದಿಯಿಂದ ಆ ಬದಿಯವರೆಗೆ ಅಂಟಿಗೆ ಬಿಗಿಯಾಗಿ ಹಿಡಿದುಕೊಂಡಿದ್ದರೆ ಮಾತ್ರ. ಅವಳ ಘನದಲ್ಲಿ ಅವು ಬೆಂದ ಶ್ಯಾವಿಗೆಯಂತೆ ಗಿಡ್ಡವಾಗಿ, ಬಳುಕಿ, ದಿಕ್ಕಾಪಾಲಾಗಿದ್ದವು. ನಿಜವಾದ ಅಂಟಿನಲ್ಲಾದರೆ ಗಂಟು ಕಟ್ಟುವುದೂ ಉಂಟು.

"ಹಾಗಾದರೆ ಎಲ್ಲವನ್ನೂ ನೆಟ್ಟಗೆ ಜೋಡಿಸಿ ನೋಡ್ತೀನಿ" ಎಂದಳು. ಉತ್ತರ ಹೆಚ್ಚುಕಡಿಮೆ 13! ಪ್ರೋಗ್ರಾಂ ಸರಿಯಿತ್ತು. ಸುಲಭದ ಲೆಕ್ಕ ಬಿಟ್ಟುಹೋಗಿದ್ದನ್ನೇ ಅದು ತೋರಿಸಿತ್ತು.

ಅವಳು ವರದಿಯಲ್ಲಿ ಎರಡೂ ಅಂಕಿಗಳನ್ನು, ಕಾರಣ ಸಮೇತ ಬರೆದಳು. ಆ ರಾತ್ರಿ ನಾವಿಬ್ಬರೂ ನಿಶ್ಚಿಂತೆಯಿಂದ ಊಟಕ್ಕೆ ಕೂತೆವು.