ಈಜುಕೊಳದ ನೀರಿನಲ್ಲಿ ಆಮ್ಲ-ಕ್ಷಾರಗಳ ಏರಿಳಿತ

ಮನೆಯಂಗಳದಲ್ಲಿ ಈಜುಕೊಳವಿರುವುದು ಉಳ್ಳವರ ಭಾಗ್ಯ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕೆರೆ ಬಾವಿಗಳಲ್ಲಿ ಈಜು ಕಲಿತವರು. ಆದರೂ ಈ ವಿಷಯ ನಮಗೆ ಸಂಬಂಧಿಸಿದ್ದಲ್ಲವೆಂದು ತಳ್ಳಿಹಾಕುವಂತಿಲ್ಲ. ಕೊಳ ಯಾರದೇ ಆಗಿರಲಿ, ಅದಕ್ಕೆ ಔಷಧ ಬೆರೆಸಿ ಶುಚಿಯಾಗಿಡುವ ಕೈಗಳು ಅನೇಕ ವೇಳೆ ನಮ್ಮಂಥ ಮನೆಗಳಿಂದಲೇ ಹೋದವು. ನನ್ನ ಚಿಕ್ಕಪ್ಪನವರು ಬೆಂಗಳೂರಿನ ಒಂದು ಮನೆಯಲ್ಲಿ ಇದೇ ಕೆಲಸದಲ್ಲಿದ್ದಾರೆ. “ನಿನ್ನೆ ಸರಿಯಾಗಿದ್ದ ನೀರು ಇವತ್ತು ಯಾಕಪ್ಪಾ ಕೆಡುತ್ತೆ?” ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ತಿಳಿದುಕೊಂಡುದನ್ನು, ರಸಾಯನಶಾಸ್ತ್ರ ಓದದ ನನ್ನಂಥವರಿಗಾಗಿ ಇಲ್ಲಿ ಬರೆದಿದ್ದೇನೆ.

ನೀರು ಹುಳಿಯ ಕಡೆಗಿದೆಯೋ ಕ್ಷಾರದ ಕಡೆಗಿದೆಯೋ ಎಂಬುದನ್ನು ತೋರಿಸುವ ಅಂಕಿಗೆ ಪಿ.ಎಚ್. ಎಂದು ಹೆಸರು. ಕೋಪನ್‌ಹೇಗನ್ ನಗರದಲ್ಲಿ, ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿದ್ದ ಸೋರೆನ್‌ಸೆನ್ ಎಂಬ ವಿಜ್ಞಾನಿ 1909ರಲ್ಲಿ ಈ ಅಳತೆಯನ್ನು ಬಳಕೆಗೆ ತಂದರು. 7 ಎಂದರೆ ಎರಡೂ ಅಲ್ಲದ ಮಧ್ಯಸ್ಥಿತಿ. ನಿಂಬೆ, ಹುಣಿಸೆ, ಮಜ್ಜಿಗೆಗಳು ಅದಕ್ಕಿಂತ ಕೆಳಗೆ. ಸುಣ್ಣದ ತಿಳಿ ಅದಕ್ಕಿಂತ ಬಹಳ ಮೇಲೆ. ಅಂಕಿ ಒಂದು ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಅರಿಸಿನದ ನೀರಿಗೆ ಸುಣ್ಣ ಸೇರಿಸಿ ಆರತಿಗೆ ಕೆಂಪು ನೀರು ಮಾಡುವ ನಮ್ಮ ತಾಯಂದಿರು ಕ್ಷಾರದ ಪರೀಕ್ಷೆಯನ್ನೇ ನಡೆಸುತ್ತಿರುತ್ತಾರೆ. ಈಜುಕೊಳದ ನೀರಿಗೆ ಫೀನಾಲ್ ರೆಡ್ ಎಂಬ ಬಣ್ಣವನ್ನು ಬಳಸುವರು. 6.8ರ ಸುಮಾರಿಗೆ ಹಳದಿಯಾಗಿರುವ ಅದು 8.2ರ ಹೊತ್ತಿಗೆ ಕೆಂಪಾಗುತ್ತದೆ.

ಕೊಳದ ನೀರಿನ ಪಿ.ಎಚ್. 7.2ರಿಂದ 7.8ರೊಳಗೆ ಇರಬೇಕು. ಇದಕ್ಕೆ ಮುಖ್ಯ ಕಾರಣ ಕ್ಲೋರೀನು. ನೀರಿಗೆ ಹಾಕಿದ ಕ್ಲೋರೀನು ಹೈಪೋಕ್ಲೋರಸ್ ಆಮ್ಲವಾಗಿ ರೋಗಾಣುಗಳನ್ನು ಕೊಲ್ಲುತ್ತದೆ. ಪಿ.ಎಚ್. 7.5ರ ಸುಮಾರಿಗೆ ಅದರಲ್ಲಿ ಅರ್ಧದಷ್ಟು ಈ ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಭಾಗ, 8.5ಕ್ಕೆ ಏರಿದರೆ ಹತ್ತರಲ್ಲೊಂದು ಭಾಗ ಮಾತ್ರ. ಔಷಧ ಹಾಕಿದ್ದೇವೆಂಬ ಧೈರ್ಯದಿಂದ ಮಕ್ಕಳನ್ನು ನೀರಿಗಿಳಿಸುತ್ತೇವೆ; ಆದರೆ ಔಷಧ ನಿದ್ರಿಸುತ್ತಿರುತ್ತದೆ! ಪಿ.ಎಚ್. ಏರಿದರೆ ನೀರು ಮಬ್ಬಾಗಿ, ಗೋಡೆಗೆ ಸುಣ್ಣದ ಪೊರೆ ಕಟ್ಟುವುದೂ ಉಂಟು. ತೀರ ಇಳಿದರೆ ಕಣ್ಣು ಉರಿಯುತ್ತದೆ. ಲೋಹದ ಕೊಳವೆ, ಸಿಮೆಂಟಿನ ಗಾರೆಗಳು ಸವೆಯುತ್ತವೆ.

ಇನ್ನು ಏರಿಳಿತದ ಕಾರಣಗಳನ್ನು ನೋಡೋಣ. ಮೊದಲನೆಯದು, ನಾವು ಹಾಕುವ ಔಷಧವೇ. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಮತ್ತು ಬ್ಲೀಚಿಂಗ್ ಪೌಡರು ಕ್ಷಾರಗುಣದವು; ಟ್ರೈಕ್ಲೋರ್ ಬಿಲ್ಲೆಗಳು ಆಮ್ಲಗುಣದವು. ಎರಡನೆಯದು, ನೀರಿನಲ್ಲಿ ಕರಗಿರುವ ಇಂಗಾಲಾಮ್ಲ ಅನಿಲ. ಕಾರಂಜಿ ಚಿಮ್ಮಿದಾಗ, ಮಕ್ಕಳು ನೀರನ್ನು ಕಲಕಿದಾಗ ಅದು ಗಾಳಿಗೆ ಹಾರಿಹೋಗಿ ಪಿ.ಎಚ್. ಏರುತ್ತದೆ. ಕೊಳವೆ ಬಾವಿಯ ನೀರನ್ನು ಹೊಸದಾಗಿ ತುಂಬಿದಾಗ ಆಗುವುದೂ ಇದೇ. ಮೂರನೆಯದು, ಪಾಚಿ. ಅದು ಹಗಲು ಬಿಸಿಲಿನಲ್ಲಿ ಇಂಗಾಲಾಮ್ಲವನ್ನು ಹೀರಿ, ಇರುಳು ಹಿಂದಕ್ಕೆ ಬಿಡುತ್ತದೆ. ಆದುದರಿಂದ ಪಾಚಿ ಕಟ್ಟಿದ ನೀರು ಬೆಳಗಿಗಿಂತ ಸಂಜೆ ಹೆಚ್ಚು ಕ್ಷಾರವಾಗಿರುತ್ತದೆ. ನಮ್ಮ ಊರ ಕೆರೆಗಳಿಗೂ ಈ ಮಾತು ಸಲ್ಲುತ್ತದೆ. ನಾಲ್ಕನೆಯದು, ಹೊಸ ಸಿಮೆಂಟು ಗೋಡೆಯಿಂದ ಬಿಡುವ ಸುಣ್ಣ.

ಈ ಏರಿಳಿತವನ್ನು ತಡೆಯುವ ಶಕ್ತಿಯೊಂದು ನೀರಿನಲ್ಲೇ ಇದೆ. ಅದು ಕರಗಿರುವ ಬೈಕಾರ್ಬೊನೇಟುಗಳ ಶಕ್ತಿ. ಲೀಟರಿಗೆ 80ರಿಂದ 120 ಮಿಲಿಗ್ರಾಂ ಇರುವುದು ಸಾಮಾನ್ಯವಾಗಿ ಹಿತವೆನ್ನುತ್ತಾರೆ. ಕಡಿಮೆಯಾದರೆ ಚಿಟಿಕೆ ಔಷಧಕ್ಕೂ ನೀರು ಅತ್ತಿತ್ತ ಹಾರುತ್ತದೆ. ಹೆಚ್ಚಾದರೆ ಎಷ್ಟು ಆಮ್ಲ ಹಾಕಿದರೂ ಮತ್ತೆ ಮೇಲೇರುತ್ತದೆ. ಆದಕಾರಣ ಮೊದಲು ಇದನ್ನು ಸರಿಪಡಿಸಿ, ಆಮೇಲೆ ಪಿ.ಎಚ್. ಕಡೆಗೆ ಗಮನ ಕೊಡಬೇಕು. ಅದು ಕಡಿಮೆಯಾಗಿದ್ದರೆ ಅಡುಗೆ ಸೋಡಾ ಸಾಕು. ದಿನವೂ ಒಂದೇ ಹೊತ್ತಿನಲ್ಲಿ ಪರೀಕ್ಷಿಸಿ, ಸ್ವಲ್ಪಸ್ವಲ್ಪವಾಗಿ ಔಷಧ ಹಾಕಿ, ನೀರು ಕೆಲವು ಗಂಟೆ ಸುತ್ತಾಡಿದ ಮೇಲೆ ಮತ್ತೆ ನೋಡಬೇಕು. ಅವಸರವೇ ಇಲ್ಲಿ ಶತ್ರು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಪಿ.ಎಚ್. ಇಳಿಸಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲವೂ ಕ್ಲೋರೀನಿನ ಔಷಧವೂ ಒಂದೇ ಬಕೆಟ್ಟಿನಲ್ಲಿ ಕೂಡಿದರೆ ಕ್ಲೋರೀನ್ ಅನಿಲ ಏಳುತ್ತದೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರ ಪರಿಚಯವಿದೆ: 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಬೇರೆ ಬೇರೆ ಜಾತಿಯ ಕ್ಲೋರೀನ್ ಔಷಧಗಳನ್ನು ಕೂಡಿಸಿದರೂ ಬೆಂಕಿಯ ಅಪಾಯವುಂಟು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು.

ಇಷ್ಟು ಎಚ್ಚರಿಕೆಯೂ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಷ್ಟೇ ಇದ್ದರೆ, ಅದನ್ನು ಎತ್ತಿ ಸುರಿಯುವವನಿಗೆ ಅದರಿಂದ ಬಂದ ಫಲವೇನು? ಮನೆಯಲ್ಲಿ ಮೊದಲು ಅಕ್ಷರ ಕಲಿತ ನಾವು, ಕಲಿತುದನ್ನು ಅವರ ಮಾತಿನಲ್ಲಿ ಅವರಿಗೆ ಓದಿ ಹೇಳಬೇಕು. ಪದವಿಯ ಋಣವನ್ನು ತೀರಿಸಲು ಇದೂ ಒಂದು ದಾರಿ.